ನಾದದೆ ಮಾಡುವ ಬ್ರೆಡ್ಡು

ಬ್ರೆಡ್ಡನ್ನು ಮಾಡಬೇಕಾದರೆ ಹಿಟ್ಟನ್ನು ಚೆನ್ನಾಗಿ ನಾದಬೇಕು ಎಂಬುದು ಪ್ರಾಚೀನ ಕಾಲದಿಂದ ನಡೆದುಬಂದ ಮಾತು. ಹತ್ತು ಹದಿನೈದು ನಿಮಿಷಗಳ ಕಾಲ ಒತ್ತಿ, ಎಳೆದು, ಮಡಿಸಿ ತೋಳು ಸೋತ ಮೇಲೆಯೇ ಹಿಟ್ಟು ಹದಕ್ಕೆ ಬರುವುದು. ಬೇಕರಿಗಳಲ್ಲಿ ಈ ಶ್ರಮವನ್ನು ಯಂತ್ರಗಳು ವಹಿಸಿಕೊಂಡಿವೆ. ಆದರೆ 2006ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಮಾರ್ಕ್ ಬಿಟ್‌ಮನ್ ಎಂಬ ಲೇಖಕರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬೇರೊಂದು ವಿಧಾನವನ್ನು ವಿವರಿಸಿದರು. ಅದು ಅದೇ ನಗರದ ಸಲಿವನ್ ಸ್ಟ್ರೀಟ್ ಬೇಕರಿಯ ಜಿಮ್ ಲಾಹೇ ಎಂಬವರದು. ಅದರಲ್ಲಿ ನಾದುವ ಕೆಲಸವೇ ಇಲ್ಲ. ಹಿಟ್ಟು, ನೀರು, ಉಪ್ಪು, ಯೀಸ್ಟುಗಳನ್ನು ಕಲಸಿ, ಮುಚ್ಚಿ, ಮರುದಿನದವರೆಗೆ ಸುಮ್ಮನಿರುವುದೇ ಅದರ ಮುಖ್ಯ ಸೂತ್ರ.

ಹಾಗಾದರೆ ಇಷ್ಟು ಕಾಲವೂ ಜನರು ಹಿಟ್ಟನ್ನು ನಾದಿದುದು ವ್ಯರ್ಥವೆ? ಇದಕ್ಕೆ ಉತ್ತರ ದೊರೆಯಬೇಕಾದರೆ, ನಾದುವಾಗ ಹಿಟ್ಟಿನೊಳಗೆ ಏನು ನಡೆಯುತ್ತದೆಂಬುದನ್ನು ಮೊದಲು ತಿಳಿಯಬೇಕು.

ಕಲಸಿದ ಗೋಧಿಹಿಟ್ಟಿನ ಉಂಡೆಯೊಂದನ್ನು ನೀರಿನಲ್ಲಿ ಮೆಲ್ಲಗೆ ಹಿಸುಕುತ್ತ ತೊಳೆದರೆ, ಬಿಳಿಯ ಪಿಷ್ಟವೆಲ್ಲ ಹರಿದುಹೋಗಿ, ರಬ್ಬರಿನಂಥ ಜಿಗುಟು ಪದಾರ್ಥವೊಂದು ಕೈಯಲ್ಲಿ ಉಳಿಯುತ್ತದೆ. ಇಟಲಿಯ ಬೊಲೋನ್ಯ ನಗರದ ಬೆಕ್ಕಾರಿ ಎಂಬ ವಿದ್ವಾಂಸರು ಇದನ್ನು ವರ್ಣಿಸಿದ ಬರಹ 1745ರಲ್ಲಿ ಪ್ರಕಟವಾಯಿತು. ಇದೇ ಗ್ಲೂಟೆನ್. ಒಣಹಿಟ್ಟಿನಲ್ಲಿ ಇದರ ಸಾಮಗ್ರಿ ಮಾತ್ರ ಇರುತ್ತದೆ: ಗ್ಲಯಡಿನ್ ಮತ್ತು ಗ್ಲೂಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು. ನೀರು ಸೇರಿದೊಡನೆ ಇವು ನೆನೆದು, ಒಂದಕ್ಕೊಂದು ತೊಡರಿ ಬಲೆಯಾಗತೊಡಗುತ್ತವೆ. ಗ್ಲೂಟೆನಿನ್ನಿನ ಉದ್ದನೆಯ ಅಣುಗಳು ಗಂಧಕದ ಪರಮಾಣುಗಳ ಮೂಲಕ ಕೊಂಡಿ ಹಾಕಿಕೊಂಡು ಬಲೆಗೆ ಬಿಗಿತವನ್ನು ಕೊಡುತ್ತವೆ. ಗ್ಲಯಡಿನ್ ಅದಕ್ಕೆ ಹರಿಯದೆ ಹಿಗ್ಗುವ ಗುಣವನ್ನು ಕೊಡುತ್ತದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಒಡೆದು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಅನಿಲ ಈ ಬಲೆಯಲ್ಲಿ ಸಿಕ್ಕಿಕೊಂಡು ಹಿಟ್ಟನ್ನು ಉಬ್ಬಿಸುತ್ತದೆ. ಬಲೆ ದುರ್ಬಲವಾಗಿದ್ದರೆ ಅನಿಲ ತಪ್ಪಿಸಿಕೊಳ್ಳುತ್ತದೆ, ಬ್ರೆಡ್ಡು ಇಟ್ಟಿಗೆಯಾಗುತ್ತದೆ.

ನಾದುವುದರಿಂದ ಮುಖ್ಯವಾಗಿ ಎರಡು ಕಾರ್ಯಗಳು ನಡೆಯುತ್ತವೆ. ಮೊದಲನೆಯದು, ಚದರಿರುವ ಪ್ರೋಟೀನುಗಳನ್ನು ಬಲವಂತವಾಗಿ ಹತ್ತಿರ ತಂದು, ಎಳೆದು, ಜೋಡಿಸುವುದು. ಎರಡನೆಯದು, ಹಿಟ್ಟಿನೊಳಗೆ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳನ್ನು ಸೇರಿಸುವುದು. ಈ ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ಲಾಹೇಯವರ ವಿಧಾನದ ಮರ್ಮ ತಿಳಿಯುತ್ತದೆ.

ಮೊದಲನೆಯ ಕಾರ್ಯಕ್ಕೆ ಕೈಯ ಬಲವೇ ಆಗಬೇಕೆಂದಿಲ್ಲ. ಅಣುಗಳು ಎಂದೂ ನಿಶ್ಚಲವಾಗಿರುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ನೀರು ಧಾರಾಳವಾಗಿದ್ದರೆ ಪ್ರೋಟೀನಿನ ಅಣುಗಳು ಸರಿದಾಡಿ, ಕ್ರಮೇಣ ತಾವಾಗಿಯೇ ಕೂಡಿಕೊಳ್ಳುತ್ತವೆ. ಹಿಟ್ಟಿನಲ್ಲಿರುವ ಕೆಲವು ಕಿಣ್ವಗಳು ಪ್ರೋಟೀನಿನ ಸರಪಣಿಗಳನ್ನು ಅಲ್ಲಲ್ಲಿ ಕತ್ತರಿಸಿ ಈ ಸರಿದಾಟವನ್ನು ಸುಲಭಗೊಳಿಸುತ್ತವೆ. ಉಬ್ಬುತ್ತಿರುವ ಅನಿಲದ ಗುಳ್ಳೆಗಳೂ ಸುತ್ತಲಿನ ಹಿಟ್ಟನ್ನು ನಿಧಾನವಾಗಿ ಹಿಗ್ಗಿಸುತ್ತವೆ. ಇದೂ ಒಂದು ಬಗೆಯ ನಾದುವಿಕೆಯೇ. ಹೀಗೆ ಕೈ ಹತ್ತು ನಿಮಿಷಗಳಲ್ಲಿ ಮಾಡುವುದನ್ನು ಕಾಲ ಹನ್ನೆರಡು ಗಂಟೆಗಳಲ್ಲಿ ಮಾಡುತ್ತದೆ. ಹಿಟ್ಟಿಗೆ ವಿಶ್ರಾಂತಿ ಕೊಟ್ಟರೆ ಅದು ಹದವಾಗುವುದೆಂಬುದು ನಮ್ಮ ಅಡಿಗೆಮನೆಗಳಿಗೂ ಹೊಸತಲ್ಲ. ಹೋಳಿಗೆಯ ಕಣಕವನ್ನು ಮೆತ್ತಗೆ ಕಲಸಿ, ಎಣ್ಣೆ ಸವರಿ, ಕೆಲವು ಗಂಟೆ ನೆನೆಯಲು ಬಿಡುವುದು ಅದು ಹರಿಯದೆ ತೆಳ್ಳಗೆ ಹಿಗ್ಗಲೆಂದೇ ಅಲ್ಲವೆ?

ಎರಡನೆಯ ಕಾರ್ಯವನ್ನು ಮಾತ್ರ ಕಾಲ ಮಾಡಲಾರದು. ಗುಳ್ಳೆ ಚಿಕ್ಕದಾದಷ್ಟೂ ಮೇಲ್ಮೈ ಎಳೆತದ ಕಾರಣ ಅದರೊಳಗೆ ಹೆಚ್ಚು ಒತ್ತಡವಿರಬೇಕಾಗುತ್ತದೆ. ಆದುದರಿಂದ ಏನೂ ಇಲ್ಲದ ಕಡೆ ಹೊಸ ಗುಳ್ಳೆ ಹುಟ್ಟುವುದು ಬಹು ಕಷ್ಟ. ಯೀಸ್ಟಿನ ಅನಿಲವು ಮೊದಲೇ ಸೇರಿರುವ ಗಾಳಿಯ ಗುಳ್ಳೆಗಳನ್ನು ಹೊಕ್ಕು ಅವನ್ನೇ ದೊಡ್ಡದು ಮಾಡುತ್ತದೆ. ನಾದದ ಹಿಟ್ಟಿನಲ್ಲಿ ಇಂಥ ಗುಳ್ಳೆಗಳು ಕಡಿಮೆ. ಈ ಬ್ರೆಡ್ಡಿನಲ್ಲಿ ದೊಡ್ಡ, ಒಂದೇ ಸಮನಲ್ಲದ ತೂತುಗಳು ಕಾಣಲು ಇದೊಂದು ಕಾರಣ. ಹಿಟ್ಟು ಬಹಳ ತೆಳುವಾಗಿರುವುದು ಇನ್ನೊಂದು. ಅಂಗಡಿಯ ಬ್ರೆಡ್ಡಿನ ನಯವಾದ, ಒತ್ತಾದ ತಿರುಳು ಬೇಕೆನ್ನುವವರು ನಾದಲೇಬೇಕು. ಪ್ರಾಚೀನರ ಶ್ರಮ ವ್ಯರ್ಥವಾಗಿರಲಿಲ್ಲ.

ಇನ್ನು ವಿಧಾನ. ನಾನೂರು ಗ್ರಾಂ ಹಿಟ್ಟು, 8 ಗ್ರಾಂ ಉಪ್ಪು, ಕೇವಲ 1 ಗ್ರಾಂ ಒಣ ಯೀಸ್ಟ್, 300 ಗ್ರಾಂ ತಣ್ಣೀರು. ಯೀಸ್ಟ್ ಇಷ್ಟು ಕಡಿಮೆ ಏಕೆ? ಹೆಚ್ಚು ಹಾಕಿದರೆ ಬಲೆ ಸಿದ್ಧವಾಗುವ ಮೊದಲೇ ಅನಿಲ ತುಂಬಿ ಹಿಟ್ಟು ಕುಸಿಯುತ್ತದೆ. ನಿಧಾನವಾದ ಹುದುಗುವಿಕೆಯಿಂದ ರುಚಿಯನ್ನು ಕೊಡುವ ಆಮ್ಲಗಳೂ ಉಂಟಾಗುತ್ತವೆ. ಎಲ್ಲವನ್ನೂ ಅರ್ಧ ನಿಮಿಷ ಕಲಸಿ, ಮುಚ್ಚಿ, 12ರಿಂದ 18 ಗಂಟೆಗಳ ಕಾಲ ಬಿಡಬೇಕು. ಈ ಅವಧಿ ಸುಮಾರು 21 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಗೆ ಹೇಳಿದ್ದು. ನಮ್ಮ ಬೇಸಗೆಯಲ್ಲಿ ಯೀಸ್ಟ್ ಇನ್ನೂ ಬೇಗ ಕೆಲಸ ಮಾಡುವುದರಿಂದ ಗಡಿಯಾರಕ್ಕಿಂತ ಹಿಟ್ಟನ್ನೇ ನೋಡುವುದು ಲೇಸು: ಅದು ಇಮ್ಮಡಿಯಾಗಿ, ಮೇಲೆಲ್ಲ ಗುಳ್ಳೆಗಳು ಕಂಡರೆ ಸಿದ್ಧವಾಯಿತು. ಮೈದಾದಲ್ಲಿ ಪ್ರೋಟೀನು ಕಡಿಮೆಯಿದ್ದರೆ ನೀರನ್ನು ಸ್ವಲ್ಪ ಇಳಿಸಬೇಕು. ಬಳಿಕ ಹಿಟ್ಟನ್ನು ಒಂದೆರಡು ಸಲ ಮಡಿಸಿ, ಉಂಡೆ ಮಾಡಿ, ಮತ್ತೆ ಒಂದೆರಡು ಗಂಟೆ ಬಿಡಬೇಕು.

ಬೇಯಿಸುವುದರಲ್ಲಿಯೂ ಒಂದು ಜಾಣ್ಮೆಯಿದೆ. ಮುಚ್ಚಳವಿರುವ ದಪ್ಪ ಕಬ್ಬಿಣದ ಪಾತ್ರೆಯನ್ನು ಓವನ್ನಿನಲ್ಲಿಟ್ಟು 230 ಡಿಗ್ರಿಗೆ ಕಾಯಿಸಿ, ಹಿಟ್ಟನ್ನು ಅದರೊಳಗೆ ಇಳಿಸಿ ಮುಚ್ಚಬೇಕು. (ಮುಚ್ಚಳದ ಹಿಡಿ ಈ ಶಾಖವನ್ನು ತಾಳುವಂಥದಾಗಿರಬೇಕು, ದಪ್ಪ ಬಟ್ಟೆಯಿಲ್ಲದೆ ಪಾತ್ರೆಯನ್ನು ಮುಟ್ಟಬಾರದು.) ಹಿಟ್ಟಿನಿಂದ ಏಳುವ ಹಬೆ ಪಾತ್ರೆಯಲ್ಲಿಯೇ ಉಳಿದು, ಇನ್ನೂ ತಣ್ಣಗಿರುವ ಹಿಟ್ಟಿನ ಮೈಮೇಲೆ ನೀರಾಗಿ ಇಳಿಯುತ್ತದೆ. ಹಾಗೆ ಇಳಿಯುವ ಒಂದೊಂದು ಗ್ರಾಂ ಹಬೆಯೂ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಮೇಲ್ಮೈ ಒದ್ದೆಯಾಗಿ ಮೆತ್ತಗಿರುವುದರಿಂದ ಹಿಟ್ಟು ಅಡ್ಡಿಯಿಲ್ಲದೆ ಉಬ್ಬುತ್ತದೆ. ದೊಡ್ಡ ಬೇಕರಿಗಳು ಇದಕ್ಕಾಗಿ ಓವನ್ನಿಗೆ ಹಬೆಯನ್ನು ಹಾಯಿಸುತ್ತವೆ. ಇಲ್ಲಿ ಒಂದು ಮುಚ್ಚಳವೇ ಆ ಕೆಲಸವನ್ನು ಮಾಡುತ್ತದೆ.

ಅರ್ಧ ಗಂಟೆಯ ಮೇಲೆ ಮುಚ್ಚಳ ತೆಗೆದು ಇನ್ನೂ 15ರಿಂದ 30 ನಿಮಿಷ ಬೇಯಿಸಬೇಕು. ಆಗ ಹಬೆ ಹೊರಟುಹೋಗಿ ಮೇಲ್ಮೈ ಒಣಗಿ ಬಿಸಿಯೇರುತ್ತದೆ. ಪ್ರೋಟೀನು ಸಕ್ಕರೆಗಳು ಕೂಡಿ ಕಂದುಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಫ್ರಾನ್ಸಿನ ಮಯಾರ್ ಎಂಬ ವಿಜ್ಞಾನಿ 1912ರಲ್ಲಿ ವರ್ಣಿಸಿದ ಕ್ರಿಯೆ ಇದು. ಒಳಗಿನ ತಿರುಳಿನಲ್ಲಿ ನೀರಿರುವುದರಿಂದ ಅದರ ಉಷ್ಣತೆ 100 ಡಿಗ್ರಿಯನ್ನು ಮೀರದು; ಆದುದರಿಂದ ಅದು ಬಿಳುಪಾಗಿಯೇ ಉಳಿಯುತ್ತದೆ.

ಅನುಕೂಲವಿರುವ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ಇದಕ್ಕೆ ಓವನ್ನೂ ಬೇಡ. ಹಿಟ್ಟು ನೀರುಗಳನ್ನು ಸುಮ್ಮನೆ ಬೆರೆಸಿ ಎರಡು ಉಂಡೆ ಮಾಡಿ, ಒಂದನ್ನು ಕೂಡಲೇ ಬೆರಳುಗಳಿಂದ ಎಳೆಯಿರಿ. ಇನ್ನೊಂದನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು ಎರಡು ಗಂಟೆಯಾದ ಮೇಲೆ ಎಳೆಯಿರಿ. ಮೊದಲನೆಯದು ಬೇಗ ತುಂಡಾಗುತ್ತದೆ. ಎರಡನೆಯದು ತೆಳ್ಳನೆಯ ಪೊರೆಯಾಗಿ ಹಿಗ್ಗುತ್ತದೆ. ನಡುವೆ ಯಾರೂ ಅದನ್ನು ಮುಟ್ಟಿಲ್ಲ.

ರೂಢಿಯಲ್ಲಿರುವ ಕೆಲಸವೊಂದನ್ನು ನೋಡಿದಾಗ “ಇದನ್ನು ಹೇಗೆ ಮಾಡುತ್ತಾರೆ?” ಎಂದು ಕೇಳುವುದು ಸುಲಭ. “ಇದರಿಂದ ನಿಜವಾಗಿ ಏನಾಗುತ್ತದೆ?” ಎಂದು ಕೇಳಿದವರಿಗೆ ಎರಡನೆಯ ದಾರಿ ಕಾಣುತ್ತದೆ, ಆ ದಾರಿಗೆ ತೆರಬೇಕಾದ ಬೆಲೆಯೂ ತಿಳಿಯುತ್ತದೆ.