ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್: ಪರದೆ ಕಪ್ಪು, ವೈ-ಫೈ ಮೌನ ಏಕೆ?

ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಅಳವಡಿಸಿಕೊಂಡವರ ದೂರುಗಳು ಬಹುತೇಕ ಎರಡೇ ಎರಡು. ಒಂದು, ಪರದೆ ಕಪ್ಪಾಗಿಯೇ ಉಳಿಯುತ್ತದೆ, ಇಲ್ಲವೇ ಚಿತ್ರಗಳು ಕುಂಟುತ್ತ ಸಾಗುತ್ತವೆ. ಇನ್ನೊಂದು, ಯಂತ್ರದಲ್ಲಿ ವೈ-ಫೈ ಇದೆಯೆಂಬ ಸುಳಿವೇ ಸಿಗುವುದಿಲ್ಲ. ಕೀಲಿಮಣೆ, ಹಾರ್ಡ್ ಡಿಸ್ಕ್, ಯುಎಸ್‌ಬಿ ಇವೆಲ್ಲ ತಕರಾರಿಲ್ಲದೆ ಕೆಲಸ ಮಾಡುವಾಗ ಈ ಎರಡು ಭಾಗಗಳು ಮಾತ್ರ ಮುನಿಸಿಕೊಳ್ಳುವುದೇಕೆ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲಂತೂ ಈ ಪ್ರಶ್ನೆಗೆ ಮಹತ್ವ ಹೆಚ್ಚಿದೆ. ವಿಂಡೋಸ್ 11 ಬಯಸುವ ಪ್ರೊಸೆಸರ್ ಹಾಗೂ ಟಿಪಿಎಂ 2.0 ಭದ್ರತಾ ವ್ಯವಸ್ಥೆ ಇಲ್ಲದ, ಆದರೆ ಬೇರಾವ ಊನವೂ ಇಲ್ಲದ ಲ್ಯಾಪ್‌ಟಾಪ್‌ಗಳು ಎಷ್ಟೋ ಮನೆಗಳಲ್ಲಿವೆ. ಅವು ಗುಜರಿ ಸೇರಬೇಕೇ, ಮಕ್ಕಳ ಓದಿಗೆ ಇನ್ನಷ್ಟು ವರ್ಷ ಒದಗಬಲ್ಲವೇ ಎಂಬುದು ಅನೇಕ ವೇಳೆ ಈ ಎರಡು ಚಿಪ್‌ಗಳನ್ನೇ ಅವಲಂಬಿಸಿರುತ್ತದೆ.

ಕಾರ್ಯಾಚರಣ ವ್ಯವಸ್ಥೆಗೂ ಯಂತ್ರಾಂಶಕ್ಕೂ ನಡುವೆ ನಿಂತ ದುಭಾಷಿಯೇ ಡ್ರೈವರ್. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಅದರ ತಿರುಳಾದ ಕರ್ನಲ್‌ನ ಜೊತೆಯಲ್ಲೇ ಬರುತ್ತವೆ. ಕೀಲಿಮಣೆ, ಡಿಸ್ಕ್‌ಗಳಿಗೆ ಎಲ್ಲ ತಯಾರಕರೂ ಪಾಲಿಸುವ ಸಮಾನ ನಿಯಮಗಳಿರುವುದರಿಂದ ಒಂದೇ ಡ್ರೈವರ್ ನೂರಾರು ಮಾದರಿಗಳಿಗೆ ಸಾಲುತ್ತದೆ. ಗ್ರಾಫಿಕ್ಸ್ ಮತ್ತು ವೈ-ಫೈ ಚಿಪ್‌ಗಳಲ್ಲಿ ಹಾಗಿಲ್ಲ. ಪ್ರತಿ ಕಂಪನಿಯದೂ ಪ್ರತ್ಯೇಕ ವಿನ್ಯಾಸ, ಪ್ರತ್ಯೇಕ ಗುಟ್ಟು. ಸಾಲದೆಂಬಂತೆ ಈ ಚಿಪ್‌ಗಳಲ್ಲಿ ಹಲವಕ್ಕೆ ಯಂತ್ರ ಚಾಲೂ ಆದಾಗಲೆಲ್ಲ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶವನ್ನು ಉಣಿಸಬೇಕು. ಅದನ್ನು ಬರೆಯುವವನು ತಯಾರಕ. ಹಂಚಲು ಅನುಮತಿ ಕೊಡಬೇಕಾದವನೂ ಅವನೇ.

ಈ ಅನುಮತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಾಡ್‌ಕಾಮ್ ವೈ-ಫೈ ಚಿಪ್‌ಗಳ ಕಥೆಯೇ ಸಾಕ್ಷಿ. ಕಂಪನಿ ಮಾಹಿತಿ ನೀಡದಿದ್ದಾಗ ಸ್ವಯಂಸೇವಕರು ಅದರ ಡ್ರೈವರನ್ನೇ ಬಿಚ್ಚಿ ನೋಡಿ, ಚಿಪ್ ವರ್ತಿಸುವ ಬಗೆಯನ್ನು ಊಹಿಸಿ, ತಮ್ಮದೇ ಡ್ರೈವರ್ ಬರೆದರು. ಆದರೆ ಫರ್ಮ್‌ವೇರ್ ಹಂಚುವ ಹಕ್ಕು ಅವರಿಗಿರಲಿಲ್ಲ. ಬಳಕೆದಾರನೇ ಕಂಪನಿಯ ಡ್ರೈವರನ್ನು ಇಳಿಸಿಕೊಂಡು, ಅದರೊಳಗಿನಿಂದ ಫರ್ಮ್‌ವೇರ್ ತುಂಡನ್ನು ಕತ್ತರಿಸಿ ತೆಗೆಯಬೇಕಿತ್ತು. ಅದಕ್ಕೆಂದೇ ಒಂದು ಕತ್ತರಿ ತಂತ್ರಾಂಶವೂ ಹುಟ್ಟಿತು! ಅಂತರ್ಜಾಲ ಸಂಪರ್ಕ ಪಡೆಯಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಪಡೆಯಲು ಅಂತರ್ಜಾಲ ಸಂಪರ್ಕ ಬೇಕು ಎಂಬ ವಿಚಿತ್ರ ಇಕ್ಕಟ್ಟು. ಕೆಲವರು ಎನ್‌ಡಿಐಎಸ್‌ರ‍್ಯಾಪರ್ ಎಂಬ ತಂತ್ರಾಂಶದ ಮೂಲಕ ವಿಂಡೋಸ್ ಡ್ರೈವರನ್ನೇ ಲಿನಕ್ಸ್‌ನೊಳಗೆ ಓಡಿಸಿದರು. ಬ್ರಾಡ್‌ಕಾಮ್ ತನ್ನ ಕೆಲವು ಚಿಪ್‌ಗಳಿಗೆ ಮುಕ್ತ ಡ್ರೈವರ್ ಬಿಡುಗಡೆ ಮಾಡಿದ್ದು 2010ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಬೇಸತ್ತು ವಿಂಡೋಸ್‌ಗೆ ಮರಳಿದ್ದರೆ ಆಶ್ಚರ್ಯವಿಲ್ಲ.

ಇಂಟೆಲ್ ಕಂಪನಿಯ ಹಾದಿ ಬೇರೆ. 2003ರಲ್ಲಿ ಸೆಂಟ್ರಿನೊ ಮಾರುಕಟ್ಟೆಗೆ ಬಂದಾಗ ಅದರ ವೈ-ಫೈಗೆ ಲಿನಕ್ಸ್ ಡ್ರೈವರ್ ಇರಲಿಲ್ಲ. ಮರುವರ್ಷವೇ ಕಂಪನಿ ಆ ಕೆಲಸಕ್ಕೆ ಕೈಹಾಕಿತು. ಇಂದು ಇಂಟೆಲ್ ವೈ-ಫೈ ಇರುವ ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಅಪರೂಪ. ಇಲ್ಲೂ ಫರ್ಮ್‌ವೇರ್ ಮುಚ್ಚಿದ ಪೆಟ್ಟಿಗೆಯೇ. ಹಂಚಲು ಅಡ್ಡಿಯಿಲ್ಲ, ಅಷ್ಟೇ. ಶುದ್ಧ ಮುಕ್ತ ತಂತ್ರಾಂಶದ ಪಟ್ಟು ಹಿಡಿದಿದ್ದ ಡೆಬಿಯನ್ ಬಳಗ ಕೂಡ 2022ರಲ್ಲಿ ಮತದಾನ ನಡೆಸಿ, 2023ರ ಜೂನ್‌ನಲ್ಲಿ ಹೊರಬಂದ 12ನೇ ಆವೃತ್ತಿಯಿಂದ ಇಂಥ ಫರ್ಮ್‌ವೇರನ್ನು ಅಧಿಕೃತ ಅನುಸ್ಥಾಪನಾ ಕಡತದಲ್ಲೇ ಸೇರಿಸತೊಡಗಿತು. ತತ್ತ್ವನಿಷ್ಠರಿಗೆ ಇದು ನುಂಗಲಾರದ ತುತ್ತು. ವೈ-ಫೈ ಇಲ್ಲದ ಲ್ಯಾಪ್‌ಟಾಪ್ ಹಿಡಿದು ಕುಳಿತವರಿಗೆ ವರದಾನ.

ಗ್ರಾಫಿಕ್ಸ್ ವಿಷಯದಲ್ಲೂ ಚಿತ್ರ ಹೆಚ್ಚು ಭಿನ್ನವಲ್ಲ. ಇಂಟೆಲ್ ಚಿಪ್‌ಗಳ ಡ್ರೈವರ್ ಕರ್ನಲ್‌ನಲ್ಲೇ ಇದೆ. ಎಎಂಡಿ 2007ರಿಂದ ತನ್ನ ಚಿಪ್‌ಗಳ ತಾಂತ್ರಿಕ ವಿವರ ಪ್ರಕಟಿಸತೊಡಗಿ ಮುಕ್ತ ಡ್ರೈವರ್‌ಗೆ ದಾರಿ ಮಾಡಿಕೊಟ್ಟಿತು. ಗೊಂದಲವಿರುವುದು ಎನ್‌ವಿಡಿಯಾ ಬಳಿ. ಸ್ವಯಂಸೇವಕರು ರೂಪಿಸಿದ ನೂವೋ ಡ್ರೈವರ್ ಚಿತ್ರ ಮೂಡಿಸುತ್ತದೆ. ಆದರೆ 2014ರ ನಂತರದ ಹಲವು ಚಿಪ್‌ಗಳು ಕಂಪನಿಯ ಡಿಜಿಟಲ್ ಸಹಿ ಇರುವ ಫರ್ಮ್‌ವೇರನ್ನು ಮಾತ್ರ ಒಪ್ಪುವುದರಿಂದ ಅವನ್ನು ಪೂರ್ಣ ವೇಗದಲ್ಲಿ ಓಡಿಸಲು ನೂವೋಗೆ ಸಾಧ್ಯವಾಗಲಿಲ್ಲ. ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲೇ ಈ ಕಂಪನಿಯನ್ನು ಮುದ್ರಿಸಲಾಗದ ಮಾತಿನಲ್ಲಿ ಬೈದಿದ್ದರು. ಕಂಪನಿ ತನ್ನ ಡ್ರೈವರ್‌ನ ಕರ್ನಲ್ ಭಾಗವನ್ನು ಮುಕ್ತಗೊಳಿಸಿದ್ದು 2022ರ ಮೇ ತಿಂಗಳಲ್ಲಿ, ಅದೂ 2018ರ ಟ್ಯೂರಿಂಗ್ ಪೀಳಿಗೆ ಮತ್ತು ನಂತರದ ಚಿಪ್‌ಗಳಿಗೆ ಮಾತ್ರ. ಅದಕ್ಕಿಂತ ಹಳೆಯ ಲ್ಯಾಪ್‌ಟಾಪ್‌ನವರಿಗೆ ನೂವೋ, ಇಲ್ಲವೇ ಕಂಪನಿಯ ಹಳೆಯ ಮುಚ್ಚಿದ ಡ್ರೈವರೇ ಗತಿ.

ಯುನಿಕ್ಸ್ ಕುಟುಂಬದ ಇನ್ನೊಂದು ಕವಲಾದ ಫ್ರೀಬಿಎಸ್‌ಡಿಯ ಪಾಡು ಇನ್ನೂ ಕಠಿಣ. ಬಳಗ ಚಿಕ್ಕದು, ಹಾಗಾಗಿ ಇಂಟೆಲ್ ಮತ್ತು ಎಎಂಡಿ ಗ್ರಾಫಿಕ್ಸ್ ಡ್ರೈವರ್‌ಗಳನ್ನು ಲಿನಕ್ಸ್‌ನಿಂದಲೇ ಎರವಲು ತರುತ್ತದೆ. ಹೊಸ ಇಂಟೆಲ್ ವೈ-ಫೈ ಚಿಪ್‌ಗಳ ಡ್ರೈವರನ್ನೂ ಹಾಗೆಯೇ 2022ರಲ್ಲಿ ತಂದಿತಾದರೂ, ಅದರಲ್ಲಿ ಹೆಚ್ಚಿನ ವೇಗ ದೊರೆಯಲು 2025ರ 14.3ನೇ ಆವೃತ್ತಿ ಬರಬೇಕಾಯಿತು.

ಹಾಗಾದರೆ ಓದುಗರು ಮಾಡಬೇಕಾದುದೇನು? ಮೊದಲು ಪೆನ್ ಡ್ರೈವ್‌ಗೆ ಲಿನಕ್ಸ್ ತುಂಬಿಸಿ, ಹಾರ್ಡ್ ಡಿಸ್ಕ್ ಮುಟ್ಟದೆ ಅಲ್ಲಿಂದಲೇ ಯಂತ್ರ ಚಾಲೂ ಮಾಡಿ ನೋಡಿ. ಪರದೆ ಮತ್ತು ವೈ-ಫೈ ಎರಡೂ ಸರಿಯಿದ್ದರೆ ಅರ್ಧ ಯುದ್ಧ ಗೆದ್ದಂತೆ. ಪರದೆ ಕಪ್ಪಾದರೆ ಆರಂಭದ ಪಟ್ಟಿಯಲ್ಲಿರುವ ಸುರಕ್ಷಿತ ಗ್ರಾಫಿಕ್ಸ್ ಆಯ್ಕೆಯನ್ನು ಪ್ರಯತ್ನಿಸಿ. ವೈ-ಫೈ ಕಾಣದಿದ್ದರೆ ಲ್ಯಾಪ್‌ಟಾಪ್‌ನ ಬದಿಯ ಗುಂಡಿ ಅಥವಾ ಕೀಲಿಯಿಂದ ಅದು ಆರಿಹೋಗಿದೆಯೇ ಗಮನಿಸಿ. ನಗಬೇಡಿ, ಎಷ್ಟೋ ಸಲ ಕಾರಣ ಇದೇ! ಫರ್ಮ್‌ವೇರ್ ಇಳಿಸಿಕೊಳ್ಳಬೇಕಾದಲ್ಲಿ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಚಾಲೂ ಮಾಡಿದರೆ ತಾತ್ಕಾಲಿಕ ಸಂಪರ್ಕ ಸಿದ್ಧ. ಎನ್‌ವಿಡಿಯಾ ಅಥವಾ ಬ್ರಾಡ್‌ಕಾಮ್‌ನ ಮುಚ್ಚಿದ ಡ್ರೈವರ್ ಹಾಕಿದ ಮೇಲೂ ಕೆಲಸ ಮಾಡದಿದ್ದರೆ ಬಯಾಸ್‌ನಲ್ಲಿರುವ ಸೆಕ್ಯೂರ್ ಬೂಟ್ ಅದನ್ನು ತಡೆಯುತ್ತಿರಬಹುದು.

ಯಾವುದೂ ಫಲಿಸದಿದ್ದರೆ ವೈ-ಫೈ ಕಾರ್ಡನ್ನೇ ಬದಲಿಸುವ ಉಪಾಯವಿದೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ಪುಟ್ಟ ಹಲಗೆ. ಆದರೆ ಕೆಲವು ಹಳೆಯ ಮಾದರಿಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದಿಲ್ಲ. ಅಂಥ ಕಡೆ ಯುಎಸ್‌ಬಿ ವೈ-ಫೈ ಡಾಂಗಲ್ ಒಂದೇ ದಾರಿ. ಗ್ರಾಫಿಕ್ಸ್ ಚಿಪ್‌ಗೆ ಮಾತ್ರ ಈ ಸೌಲಭ್ಯವಿಲ್ಲ, ಅದು ಸಾಮಾನ್ಯವಾಗಿ ಮದರ್‌ಬೋರ್ಡ್‌ಗೆ ಬೆಸೆದುಕೊಂಡೇ ಬರುತ್ತದೆ. ಆದ್ದರಿಂದ ಲಿನಕ್ಸ್‌ಗೆಂದು ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೇ ಹೋಗಲಿ, ಪರಿಚಯದವರ ಮನೆಗೇ ಹೋಗಲಿ, ಜೇಬಿನಲ್ಲಿ ಆ ಪೆನ್ ಡ್ರೈವ್ ಇಟ್ಟುಕೊಂಡು ಹೋಗಿ, ದುಡ್ಡು ಕೊಡುವ ಮುನ್ನವೇ ಪರೀಕ್ಷಿಸುವುದು ಲೇಸು.