ಮೆದುಳಿನ ಕತ್ತರಿಗಳು ಮತ್ತು ಮಾದಕ ದ್ರವ್ಯಗಳು

ರಬಕವಿ-ಬನಹಟ್ಟಿಯ ನೇಕಾರರು ದಿನವಿಡೀ ಮಗ್ಗದ ಮುಂದೆ ನಿಲ್ಲುತ್ತಾರೆ. ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಗದ್ದೆಗಳಲ್ಲಿ ಕೂಲಿಕಾರರು ಬಿಸಿಲಿನಲ್ಲಿ ಬಾಗಿ ದುಡಿಯುತ್ತಾರೆ. ಇಂತಹ ದುಡಿಮೆಯ ನೋವನ್ನು ತಾಳಿಕೊಳ್ಳಲು ನಮ್ಮ ಮೆದುಳು ತಾನೇ ಕೆಲವು ಔಷಧಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಅವು ಹೇಗೆ ಹುಟ್ಟುತ್ತವೆ, ಹೇಗೆ ಅಳಿಯುತ್ತವೆ ಎಂಬುದನ್ನು ಅರಿತರೆ ಮಾದಕ ದ್ರವ್ಯಗಳು ಮಾಡುವ ಹಾನಿಯೂ ನಮಗೆ ಸ್ಪಷ್ಟವಾಗುತ್ತದೆ.

ಒಳಗಿನ ಔಷಧ

1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್ಲಿಟ್ಜ್ ಎಂಬ ವಿಜ್ಞಾನಿಗಳು ಹಂದಿಯ ಮೆದುಳಿನಿಂದ ಎನ್‌ಕೆಫಲಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಐದೇ ಅಮೈನೋ ಆಮ್ಲಗಳು ಸರದ ಮಣಿಗಳಂತೆ ಪೋಣಿಸಿಕೊಂಡ ಪುಟ್ಟ ಪೆಪ್ಟೈಡ್ ಇದು. ಅಫೀಮಿನ ಮಾರ್ಫಿನ್ ಯಾವ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆಯೋ ಅವುಗಳ ಮೇಲೆಯೇ ಇದೂ ಕೆಲಸ ಮಾಡಿ ನೋವನ್ನು ತಗ್ಗಿಸುತ್ತದೆ.

ಆದರೆ ಇದರ ಆಯುಷ್ಯ ಬಹಳ ಚಿಕ್ಕದು. ನೆಪ್ರಿಲೈಸಿನ್ ಮತ್ತು ಅಮೈನೋಪೆಪ್ಟಿಡೇಸ್ ಎಂಬ ಕಿಣ್ವಗಳು ಕತ್ತರಿಗಳಂತೆ ಈ ಸರವನ್ನು ಬಹುಬೇಗ ತುಂಡರಿಸಿಬಿಡುತ್ತವೆ. ಹೀಗೆ ತುಂಡಾಗುವುದು ದೋಷವಲ್ಲ, ಅದೇ ಆರೋಗ್ಯ. ಮಗ್ಗದಲ್ಲಿ ಲಾಳಿಯು ಆಚೆಯ ಬದಿಯನ್ನು ತಲುಪಿದ ಮೇಲೆಯೇ ಹಣಿಗೆ ಬಡಿಯಬೇಕು. ಲಾಳಿ ನಡುವೆಯೇ ಸಿಲುಕಿದರೆ ಹಾಸಿನ ಎಳೆಗಳು ಹರಿದುಹೋಗುತ್ತವೆ. ಮೆದುಳಿನಲ್ಲಿಯೂ ಒಂದು ಸಂದೇಶ ಮುಗಿದ ಮೇಲೆಯೇ ಇನ್ನೊಂದಕ್ಕೆ ಎಡೆ.

ಈ ಕತ್ತರಿಯನ್ನು ವೈದ್ಯರು ಹಿತಮಿತವಾಗಿ ತಡೆಯುವುದೂ ಉಂಟು. ಅತಿಸಾರಕ್ಕೆ ಕೊಡುವ ರೇಸಿಕಡೋಟ್ರಿಲ್ ಎಂಬ ಔಷಧವು ಕರುಳಿನಲ್ಲಿ ಎನ್‌ಕೆಫಲಿನ್ ತುಂಡಾಗದಂತೆ ತಡೆದು, ನೀರಿನ ನಷ್ಟವನ್ನು ಕಡಿಮೆ ಮಾಡುತ್ತದೆ. ಆದರೂ ಓಆರ್‌ಎಸ್ ದ್ರಾವಣಕ್ಕೆ ಅದು ಬದಲಿಯಲ್ಲ.

ಕತ್ತರಿಗೆ ಸಿಗದ ವಸ್ತುಗಳು

ಮಾರ್ಫಿನ್ ಪೆಪ್ಟೈಡ್ ಅಲ್ಲ. ಆದ್ದರಿಂದ ಈ ಕತ್ತರಿಗಳಿಗೆ ಅದು ಸಿಗುವುದಿಲ್ಲ. ಯಕೃತ್ತು ಅದನ್ನು ಕರಗಿಸುವವರೆಗೆ ಗಂಟೆಗಟ್ಟಲೆ ಗ್ರಾಹಕಗಳನ್ನು ಒತ್ತುತ್ತಲೇ ಇರುತ್ತದೆ. ಕೊಡೀನ್ ಬೆರೆತ ಕೆಮ್ಮಿನ ಔಷಧವನ್ನು ನಶೆಗಾಗಿ ಕುಡಿದಾಗಲೂ ದೇಹದಲ್ಲಿ ಅದರ ಒಂದಂಶ ಮಾರ್ಫಿನ್ ಆಗಿಯೇ ಮಾರ್ಪಡುತ್ತದೆ. ಪ್ರಮಾಣ ಮೀರಿದರೆ ಉಸಿರೇ ನಿಲ್ಲಬಹುದು.

ಗಾಂಜಾದ ಕತೆಯೂ ಇದೇ. 1992ರಲ್ಲಿ ಜೆರುಸಲೇಮಿನಲ್ಲಿ ರಾಫೆಲ್ ಮೆಚೌಲಮ್ ಅವರ ತಂಡವು ಮೆದುಳಿನದೇ ಆದ ಒಂದು ವಸ್ತುವನ್ನು ಗುರುತಿಸಿ, ನಮ್ಮ ‘ಆನಂದ’ ಶಬ್ದದಿಂದ ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟಿತು. ಇದು ಪೆಪ್ಟೈಡ್ ಅಲ್ಲ, ಕೊಬ್ಬಿನ ಜಾತಿಯದು. ಇದನ್ನೂ ಬೇರೊಂದು ಕಿಣ್ವ ಬೇಗನೆ ಒಡೆಯುತ್ತದೆ. ಗಾಂಜಾದ ಟಿಎಚ್‌ಸಿ ಅದೇ ಗ್ರಾಹಕಗಳನ್ನು ಮುಟ್ಟುತ್ತದೆ, ಆದರೆ ಹಾಗೆ ಒಡೆಯುವುದಿಲ್ಲ. ದೇಹದ ಕೊಬ್ಬಿನಲ್ಲಿ ಸೇರಿ ದಿನಗಟ್ಟಲೆ ಉಳಿಯುತ್ತದೆ.

ಎಲ್‌ಎಸ್‌ಡಿ ಮುಂತಾದ ಭ್ರಮಾಜನಕಗಳ ಮಾರ್ಗ ಬೇರೆ. ಅವು ಮುಖ್ಯವಾಗಿ ಸೆರೊಟೋನಿನ್ ಗ್ರಾಹಕಗಳನ್ನು ಹಿಡಿಯುತ್ತವೆ. ಎಲ್‌ಎಸ್‌ಡಿ ಒಳಹೊಕ್ಕಾಗ ಗ್ರಾಹಕದ ಒಂದು ಭಾಗ ಮುಚ್ಚಳದಂತೆ ಮಡಚಿ ಅದನ್ನು ಹಿಡಿದಿಡುತ್ತದೆ ಎಂಬುದು 2017ರಲ್ಲಿ ತಿಳಿಯಿತು. ಅದರ ಅಮಲು 8ರಿಂದ 12 ಗಂಟೆ ಇರುವುದಕ್ಕೆ ಇದೂ ಒಂದು ಕಾರಣ.

ಸಂದೇಶ ಮುಗಿಯದೆ ಹೋದಾಗ ಮೆದುಳು ತನ್ನ ಗ್ರಾಹಕಗಳನ್ನೇ ಮಂದಗೊಳಿಸುತ್ತದೆ. ಅಫೀಮು, ಗಾಂಜಾಗಳಲ್ಲಿ ನಿನ್ನೆಯ ಪ್ರಮಾಣ ಇಂದು ಸಾಲದಾಗುವುದು ಹೀಗೆ. ಸಹಜವಾದ ಸಂತೋಷವೂ ಆಗ ಸಪ್ಪೆಯೆನಿಸುತ್ತದೆ.

ನಮ್ಮ ಹೊಲದ ಬದುವಿನಲ್ಲಿ

ಎಲ್‌ಎಸ್‌ಡಿಯ ಮೂಲ ವಸ್ತು ದೊರೆತದ್ದು ಧಾನ್ಯದ ತೆನೆಗೆ ತಗಲುವ ಎರ್ಗಾಟ್ ಎಂಬ ಶಿಲೀಂಧ್ರದಿಂದ. 1938ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಅದನ್ನು ತಯಾರಿಸಿದರು. ನಮ್ಮ ಸಜ್ಜೆಗೂ ಎರ್ಗಾಟ್ ರೋಗ ತಗಲುತ್ತದೆ. ತೆನೆಯಿಂದ ಜೇನಿನಂತಹ ಅಂಟು ಸೋರಿ, ಬಳಿಕ ಕಾಳಿನ ಜಾಗದಲ್ಲಿ ಕಪ್ಪು ಗಂಟುಗಳು ಮೂಡುತ್ತವೆ. ಅದು ಬೆರೆತ ಹಿಟ್ಟಿನ ರೊಟ್ಟಿ ತಿಂದವರಿಗೆ ವಾಂತಿ, ತಲೆಸುತ್ತು, ವಿಪರೀತ ಜೊಂಪು ಬರುತ್ತದೆ. ಸಂಶಯವಿದ್ದರೆ ಲೀಟರ್ ನೀರಿಗೆ 200 ಗ್ರಾಂ ಉಪ್ಪು ಕರಗಿಸಿ ಕಾಳನ್ನು ಸುರಿಯಬೇಕು. ತೇಲಿದ್ದನ್ನು ತೆಗೆದು ಎಸೆದು, ಉಳಿದದ್ದನ್ನು ಚೆನ್ನಾಗಿ ತೊಳೆದು ಒಣಗಿಸಬೇಕು.

ಬದುವಿನ ಉಮ್ಮತ್ತಿಯ ಬೀಜವಂತೂ ನೇರ ವಿಷ. ಬಾಯಿ ಒಣಗುವುದು, ಕಣ್ಣಪಾಪೆ ಹಿಗ್ಗುವುದು, ಎದೆಬಡಿತ ಏರುವುದು, ಇಲ್ಲದ್ದನ್ನು ಕಂಡು ಮಾತನಾಡುವುದು ಅದರ ಲಕ್ಷಣಗಳು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಯವರು ಮಾಡಬೇಕಾದದ್ದು

ಹರೆಯದ ಮೆದುಳು ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ಹಿಡಿದ ಗಾಂಜಾ ಚಟವು ಕೆಲವರಲ್ಲಿ ಮನೋವಿಕಾರಕ್ಕೆ ದಾರಿಯಾಗುತ್ತದೆ. ಮನೆತನದಲ್ಲಿ ಅಂತಹ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಮಗನ ನಿದ್ದೆ ಕೆಟ್ಟು, ಗೆಳೆಯರು ಬದಲಾಗಿ, ಕೆಲಸ-ಓದಿನಲ್ಲಿ ಮನಸ್ಸು ನಿಲ್ಲದಾದರೆ ಬೈದು ಹೊರಗಟ್ಟದಿರಿ, ಮರ್ಯಾದೆಗೆ ಅಂಜಿ ಮುಚ್ಚಿಡಲೂ ಬೇಡಿ. ಇದು ಚಿಕಿತ್ಸೆಯಿರುವ ಕಾಯಿಲೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ವ್ಯಸನಮುಕ್ತಿಗೆ 14446 ಉಚಿತ ದೂರವಾಣಿಗಳಿವೆ.

ಚಟ ಬಿಟ್ಟ ಮೊದಲ ವಾರಗಳು ಕಠಿಣ. ಆ ಬಳಿಕ ಮೆದುಳು ಮೆಲ್ಲನೆ ತನ್ನ ಹದಕ್ಕೆ ಮರಳತೊಡಗುತ್ತದೆ. ಆ ಅವಧಿಯಲ್ಲಿ ಹೊತ್ತಿಗೆ ಸರಿಯಾದ ಊಟ, ನಿದ್ದೆ, ಮೈಮುರಿಯುವ ಕಾಯಕ ಮತ್ತು ಜೊತೆಗೊಬ್ಬರು ಇರುವಂತೆ ನೋಡಿಕೊಳ್ಳುವುದು ಮನೆಯವರ ಹೊಣೆ.