ಮ್ಯಾಪ್ ಫಾರ್ವರ್ಡ್ ಮಾಡುವ ಮುನ್ನ: ಜಿಐಎಸ್ ಅಂದರೇನು?

ಮಳೆಗಾಲ ಶುರುವಾದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮ್ಯಾಪ್‌ಗಳೂ ಶುರು. ನಿಮ್ಮ ತಾಲ್ಲೂಕಿನ ಮೇಲೆ ಕೆಂಪು ಬಣ್ಣ, ಕೆಳಗೆ ‘ಎಲ್ಲರಿಗೂ ಕಳಿಸಿ’ ಎಂಬ ಸಾಲು. ಮ್ಯಾಪ್ ಇದೆ ಅಂದಮೇಲೆ ನಿಜವೇ ಇರಬೇಕು ಅನ್ನಿಸುತ್ತದೆ. ಆದರೆ ಆ ಕೆಂಪು ಏನನ್ನು ಹೇಳುತ್ತಿದೆ? ಬಿದ್ದ ಮಳೆಯನ್ನೋ, ಬೀಳಬಹುದಾದ ಮಳೆಯನ್ನೋ, ಯಾವುದೋ ವರ್ಷದ ಬರವನ್ನೋ? ಇಂಥ ಮ್ಯಾಪ್ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಉತ್ತರ ಹುಡುಕುವುದು ಸುಲಭ.

ಜಿಪಿಎಸ್ ಬೇರೆ, ಜಿಐಎಸ್ ಬೇರೆ

ಜಿಪಿಎಸ್ ಉಪಗ್ರಹಗಳ ಸಿಗ್ನಲ್ ಬಳಸಿ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಲ್ಲಿ ಏನೇನಿದೆ, ಅವುಗಳ ನಡುವೆ ಏನು ಸಂಬಂಧ ಎಂದು ತೋರಿಸುತ್ತದೆ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಊಹಿಸಿಕೊಳ್ಳಿ. ಒಂದರಲ್ಲಿ ರಸ್ತೆ, ಇನ್ನೊಂದರಲ್ಲಿ ಕೆರೆ, ಮತ್ತೊಂದರಲ್ಲಿ ಮನೆಗಳು. ಇವೇ ಲೇಯರ್‌ಗಳು.

ಕಂಪ್ಯೂಟರ್ ಬರುವ ಮೊದಲೇ ಈ ಉಪಾಯ ಕೆಲಸ ಮಾಡಿತ್ತು. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಹಬ್ಬಿತು. ಕೆಟ್ಟ ಗಾಳಿಯೇ ಕಾರಣ ಎಂದು ಹೆಚ್ಚಿನವರು ನಂಬಿದ್ದರು. ವೈದ್ಯ ಜಾನ್ ಸ್ನೋ ಸಾವು ಸಂಭವಿಸಿದ ಮನೆಗಳನ್ನೂ ನೀರಿನ ಪಂಪ್‌ಗಳನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿದರು. ಸಾವುಗಳು ಬ್ರಾಡ್ ಸ್ಟ್ರೀಟ್ ಪಂಪ್‌ನ ಸುತ್ತಲೇ ಗುಂಪಾಗಿದ್ದವು. ತಪ್ಪು ಗಾಳಿಯದಲ್ಲ, ನೀರಿನದು ಎಂಬ ಅವರ ವಾದಕ್ಕೆ ಆ ನಕ್ಷೆ ಬಲ ಕೊಟ್ಟಿತು.

ನಿಮ್ಮ ಫೋನಿನಲ್ಲೂ ಇದೆ

ಕರ್ನಾಟಕದ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಉಪಗ್ರಹ ಚಿತ್ರದ ಮೇಲೆ ಕಂದಾಯ ನಕ್ಷೆಯ ಲೇಯರ್ ಕೂರಿಸಿದ್ದಾರೆ, ಅಷ್ಟೇ. ಸೈಟ್ ಕೊಳ್ಳುವವರು ಅದು ಕೆರೆಯದೋ ರಾಜಕಾಲುವೆಯದೋ ಜಾಗವೇ ಎಂದು ಮೊದಲ ಹಂತದಲ್ಲಿ ನೋಡಿಕೊಳ್ಳಬಹುದು. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸಬಹುದು. ಹಾಗಾಗಿ ಬೇಲಿ ಎಲ್ಲಿ ಹಾಕಬೇಕು ಎಂಬ ಜಗಳ ಬಗೆಹರಿಸಲು ಆ್ಯಪ್ ಸಾಲದು, ಸರ್ವೆಯರ್ ಅಳತೆಯೇ ಬೇಕು.

ಮೂರು ಪ್ರಶ್ನೆ ಕೇಳಿ

ಮ್ಯಾಪ್ ಬಂದಾಗ ನೋಡಿ: ಯಾವ ದಿನಾಂಕದ್ದು? ಮಾಹಿತಿ ಯಾರದು? ಯಾವ ಬಣ್ಣಕ್ಕೆ ಏನು ಅರ್ಥ ಎಂಬ ಸೂಚಿ ಇದೆಯೇ? ಸ್ಕ್ರೀನ್‌ಶಾಟ್ ಕತ್ತರಿಸುವಾಗ ಮೊದಲು ಹೋಗುವುದು ಈ ಮೂರೇ. ಮಳೆಯ ಮ್ಯಾಪ್ ಆದರೆ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಅಂದಿನ ಮುನ್ಸೂಚನೆಯ ಜೊತೆ ಹೋಲಿಸಿ. ಹಳೆಯ ಮ್ಯಾಪ್ ನೋಡಿ ಜನ ಮನೆ ಬಿಟ್ಟು ಓಡುವುದೂ ತಪ್ಪು. ಇಂಥವನ್ನು ನೋಡಿ ನೋಡಿ ನಿಜವಾದ ಎಚ್ಚರಿಕೆಯನ್ನೂ ಸುಳ್ಳೆಂದು ಕಡೆಗಣಿಸುವುದು ಅದಕ್ಕಿಂತ ಅಪಾಯ. ಉತ್ತರ ಸಿಗುವವರೆಗೆ ಫಾರ್ವರ್ಡ್ ಬೇಡ.